ಗಂಗವ್ವ ಬಂದು ಕೂತ ತೊಟ್ಟಿ

ಕನಕರಾಯ ತನ್ನ ಅವ್ವನಿಗೆ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಅಂಥಾ ದೊಡ್ಡ ಸುಳ್ಳೇನಲ್ಲ. ಉಣ್ಣುವ ಹೊತ್ತಿನಲ್ಲಿ ರಗಳೆ ಬೇಡವೆಂದು, ರೊಟ್ಟಿ ಮುರಿಯುತ್ತ ಬಾಯಿಗೆ ಬಂದದ್ದನ್ನು ಹೇಳಿ ಕೈ ತೊಳೆದುಕೊಂಡಿದ್ದ, ಅಷ್ಟೇ.

ಆಗ ಮೇಸ್ತ್ರಿ ಹುಸೇನ್‌ಸಾಬ್ ಹೋಟೆಲಿನ ಹಿಂದೆ ಗುಂಡಿ ತೋಡಿ, ಇಟ್ಟಂಗಿ ಕಟ್ಟಿ, ಮೂರು ಖಾನೆಯ ತೊಟ್ಟಿಯೊಂದಕ್ಕೆ ನುಣ್ಣಗೆ ಸಿಮೆಂಟು ಸವರುತ್ತಿದ್ದ. ಮಸ್ಕಿಯ ಆ ಹೋಟೆಲಿನ ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ಓಣಿಗೆ. ಓಣಿಯಲ್ಲೇ ಮನೆ. ಕನಕರಾಯನ ಅವ್ವ ಯಮನೂರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ತೊಟ್ಟಿಯನ್ನು ಒಂದು ಸುತ್ತು ನೋಡಿ ಬಂದು, ಮಗನ ತಾಟಿಗೆ ಪುಂಡಿಪಲ್ಯ ಬಡಿಸುತ್ತ ಕೇಳಿದ್ದಳು.

"ಏನೋ ಅದು?"

"ತೊಟ್ಟಿ ಬೇ."

"ತೊಟ್ಟಿ ಅನ್ನೋದು ನನಗೂ ಕಾಣ್ತೈತಿ. ಯಾತಕ್ಕ?"

ನಿಜ ಹೇಳಿದರೆ ಏನಾಗುತ್ತದೆಂದು ಕನಕರಾಯನಿಗೆ ಚೆನ್ನಾಗಿ ಗೊತ್ತಿತ್ತು. ಮಿರ್ಚಿ ಕರಿದ ಬಾಣಲೆ, ಒಗ್ಗರಣೆಯ ಬೋಗುಣಿ ತೊಳೆದ ಮುಸುರೆ ನೀರನ್ನು ನೇರ ಗಟಾರಕ್ಕೆ ಬಿಡಬಾರದಂತೆ. ಮೊದಲು ಈ ತೊಟ್ಟಿಗೆ ಬಿಡಬೇಕಂತೆ. ಜಿಡ್ಡು ಮೇಲೆ ತೇಲಿ ನಿಲ್ಲುತ್ತದಂತೆ, ಕೆಳಗಿನ ತಿಳಿನೀರು ಮಾತ್ರ ಗಟಾರಕ್ಕೆ ಹೋಗುತ್ತದಂತೆ. ಇದನ್ನೆಲ್ಲ ಹೇಳಿದ್ದರೆ, "ಮನುಷ್ಯಾರು ಇರೋ ಮನಿ ಸೋರಾಕತ್ತೈತಿ, ಮುಸುರಿಗೆ ಅರಮನಿ ಕಟ್ಟಿಸೀಯೇನೋ?" ಎಂದು ಶುರುವಾಗುತ್ತಿದ್ದ ಮಾತು, ಅವನಿಗಿನ್ನೂ ಯಾಕೆ ಹೆಣ್ಣು ಸಿಕ್ಕಿಲ್ಲ ಎಂಬಲ್ಲಿಗೆ ಹೋಗಿ, ಅಲ್ಲಿಂದ ಮುದಗಲ್ಲಿನ ಸೋದರಮಾವನ ಮನೆಯ ತನಕ ಹೋಗಿ, ರಾತ್ರಿಯಾದರೂ ಮನೆಗೆ ವಾಪಸು ಬರುತ್ತಿರಲಿಲ್ಲ.

"ಕುಡಿಯೋ ನೀರಿಗೆ ಬೇ," ಎಂದುಬಿಟ್ಟ. "ನಳ ಬಂದಾಗ ತುಂಬಿಟ್ಕೊಂಡ್ರಾತು."

ಯಮನೂರಮ್ಮನ ಕಣ್ಣಲ್ಲಿ ನೀರು ಬಂತು. ಆ ಓಣಿ ಪೈಪಿನ ಕಟ್ಟಕಡೆಗೆ ಇರುವುದು. ನಳ ಯಾವತ್ತು ಬರುತ್ತದೆಂದು ಯಾರೂ ಹೇಳಲಾರರು. ಬಂದ ದಿನ ಓಣಿಯವರು ಕೊಡ, ಬಕೀಟು, ಕುಕ್ಕರು, ಹಾಲಿನ ಕ್ಯಾನು ಎಲ್ಲದಕ್ಕೂ ನೀರು ಹಿಡಿಯುತ್ತಾರೆ. ಪಕ್ಕದ ಮನೆಯ ಮಾಳಿಂಗರಾಯ ಒಮ್ಮೆ ಭತ್ತದ ಗದ್ದೆಗೆ ಹಾಕಿಕೊಳ್ಳುವ ಹೊಸ ಗಮ್‌ಬೂಟಿಗೂ ಹಿಡಿದಿಟ್ಟಿದ್ದ. ಅಂಥ ಓಣಿಯಲ್ಲಿ ತನ್ನ ಮಗ ತೊಟ್ಟಿ ಕಟ್ಟಿಸುತ್ತಿದ್ದಾನೆ! ಯಮನೂರಮ್ಮ ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಕೇಳದೆಯೇ ಬೆಣ್ಣೆ ಇಟ್ಟಳು. ಕನಕರಾಯ ಬೆಣ್ಣೆ ತಿಂದ. ಹಾಳಾಗಿ ಹೋಗುವ ಹೊತ್ತಿಗೆ ಮನುಷ್ಯನಿಗೆ ಬೆಣ್ಣೆ ಹೇಗೆ ರುಚಿಸುತ್ತದೋ ದೇವರೇ ಬಲ್ಲ.

ಈ ತೊಟ್ಟಿಯ ತಾಪತ್ರಯ ಹುಟ್ಟಿದ್ದು ಹೀಗೆ. ಹೋಟೆಲು ಶುರುಮಾಡಿದ್ದು ಯಮನೂರಮ್ಮನೇ. ಒಂದು ಬಾಣಲೆ, ಒಂದು ಒಲೆ ಇಟ್ಟುಕೊಂಡು ಮಿರ್ಚಿ ಕರಿದು, ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಒಗ್ಗರಣೆ ಹಾಕಿ ಮಗನನ್ನು ಸಾಕಿದವಳು. ಈಗ ಮಗನ ಕಾಲದಲ್ಲಿ ನಾಲ್ಕು ಬೆಂಚು ಬಂದಿವೆ, ಶಟರು ಬಂದಿದೆ, ಅದರ ಜೊತೆಗೆ ಜಿಡ್ಡೂ ಬಂದಿದೆ. ಹೋದ ತಿಂಗಳು ಗಟಾರದಲ್ಲಿ ಜಿಡ್ಡು ತುಪ್ಪದಂತೆ ಹೆಪ್ಪುಗಟ್ಟಿ, ಕೊಳಚೆ ಉಕ್ಕಿ, ರಸ್ತೆಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ಶಾಪ ಹಾಕಿದರು. ಪುರಸಭೆಯ ಕಚೇರಿಯಿಂದ ಆರೋಗ್ಯದ ಮಮತಾ ಮೇಡಂ ಬಂದರು. ಒಳ್ಳೆಯ ಹೆಣ್ಣುಮಗಳು, ಲಂಚವಿಲ್ಲ, ಗದರುವುದಿಲ್ಲ. ಬೆಂಚಿನ ಮೇಲೆ ಕೂತು, ಕಾಗದದ ಮೇಲೆ ತೊಟ್ಟಿಯ ಚಿತ್ರ ಬರೆದು, ಅಳತೆ ಹಾಕಿ ಕೊಟ್ಟರು. ಮೊದಲು ಒಂದು ನೋಟೀಸು ಬಂತು, ಆಮೇಲೆ ಇನ್ನೊಂದು. ಕಡೆಯ ಗಡುವು ಇವತ್ತು ಸಂಜೆ. ಇವತ್ತು ಸಂಜೆ ತೊಟ್ಟಿ ಮುಸುರೆ ನೀರು ಹಿಡಿಯುತ್ತಿರಬೇಕು. ಇಲ್ಲದಿದ್ದರೆ ಹೋಟೆಲಿಗೆ ಸೀಲು.

ಹೋಟೆಲು ಮುಚ್ಚಿದರೆ ಕನಕರಾಯನಿಗೆ ಬೇರೆ ಗತಿ ಇರಲಿಲ್ಲ. ಮಿರ್ಚಿಯ ಹೊಟ್ಟೆ ಸೀಳಿ ಅಜಿವಾನ ತುಂಬುವುದು ಬಿಟ್ಟರೆ ಅವನಿಗೆ ಜಗತ್ತಿನಲ್ಲಿ ಯಾವ ಕೆಲಸವೂ ಬರುತ್ತಿರಲಿಲ್ಲ. ಅದರ ಮೇಲೆ ನಾಳೆ ಎದುರು ಮನೆಯ ಆದಮ್ಮನ ಬಸುರಿ ಮಗಳ ಕುಬಸ. ತುರ್ವಿಹಾಳದಿಂದ ಬೀಗರು ಗಾಡಿ ತುಂಬ ಬರುವವರಿದ್ದರು. ಅವರಿಗೆಲ್ಲ ಮಂಡಾಳು, ಮಿರ್ಚಿ ಕನಕರಾಯನದೇ.

ತೊಟ್ಟಿಯ ಕೆಲಸ ಮುಗಿದಿತ್ತು. ಉಳಿದದ್ದು ಒಂದು ಸೊಟ್ಟ ಪೈಪು. ಅಡುಗೆಮನೆಯ ಮೋರಿಯಿಂದ ನೆಲದೊಳಗೇ ಗೋಡೆ ದಾಟಿ, ಹೊರಗೆ ಕಾಣದಂತೆ ತೊಟ್ಟಿಯ ಮೊದಲ ಖಾನೆಗೆ ಬಾಗಿ ಇಳಿಯಬೇಕಾದ ಪೈಪು. ಆ ಅಳತೆಯದು ಮಸ್ಕಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಹುಸೇನ್‌ಸಾಬ್ ಲಿಂಗಸುಗೂರಿನಲ್ಲಿ ಯಾರದೋ ಛತ್ತು ಹಾಕುವ ಕೆಲಸಕ್ಕೆ ಹೋಗಿದ್ದ. "ನೀ ಪೈಪು ತಂದಿಡು ಕನಕಣ್ಣ, ನಾ ಸಂಜೀ ಒಳಗ ಬಂದು ಹಚ್ತೀನಿ," ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದ. ಆಮೇಲೆ ಅವನ ಫೋನು ಸ್ವಿಚ್ಚಾಫ್. ಕನಕರಾಯ ಅವತ್ತು ಹೋಟೆಲು ತೆರೆಯದೆ, ಕೀಲಿಯನ್ನು ಅವ್ವನ ಕೈಗೆ ಕೊಟ್ಟು ಸಿಂಧನೂರಿನ ಬಸ್ಸು ಹತ್ತಿದ. ಗಟಾರಕ್ಕೆ ಬಿಡದಂತೆ ನಾಲ್ಕು ದಿನದಿಂದ ಡ್ರಮ್ಮಿನಲ್ಲಿ ಕೂಡಿಟ್ಟ ಮುಸುರೆ ಅಡುಗೆಮನೆಯಲ್ಲಿ ನಾರುತ್ತ ಕೂತಿತ್ತು. ಮಾಳಿಂಗರಾಯನ ಎಮ್ಮೆಗೆ ಹಾಕೋಣವೆಂದರೆ ಅದು ಸಾಬೂನು, ಎಣ್ಣೆಯ ವಾಸನೆ ಹಿಡಿದು, ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು.

ಸಿಂಧನೂರಿನಲ್ಲಿ ಮೊದಲ ಅಂಗಡಿಯವನು ಎರಡನೆಯ ಅಂಗಡಿ ತೋರಿಸಿದ, ಎರಡನೆಯವನು ಮೂರನೆಯದು ತೋರಿಸಿದ, ಮೂರನೆಯವನು ಉಣ್ಣಲು ಹೋಗಿದ್ದ. ಅವನು ಉಂಡು, ಬಾಯಿ ಮುಕ್ಕಳಿಸಿ, ಎಲೆ ಅಡಿಕೆ ಹಾಕಿಕೊಂಡು ಬಂದಮೇಲೆ ಪೈಪು ಸಿಕ್ಕಿತು. ವಾಪಸು ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಎಳೆಗೂಸನ್ನು ಎತ್ತಿಕೊಂಡಂತೆ ಪೈಪು ಎದೆಗೆ ಅವಚಿಕೊಂಡು ಕನಕರಾಯ ಮಸ್ಕಿಯವರೆಗೂ ನಿಂತೇ ಬಂದ.

ಓಣಿಗೆ ಕಾಲಿಟ್ಟಾಗ ಮೊದಲು ಕಂಡದ್ದು ಒದ್ದೆ ನೆಲ. ನಳ ಬಂದು ಹೋಗಿತ್ತು. ಒಳ್ಳೆಯದೇ ಆಯಿತೆಂದುಕೊಂಡ. ಎರಡು ಹೆಜ್ಜೆ ಮುಂದೆ ಹೋದಾಗ ಕರ್ಪೂರದ ವಾಸನೆ ಬಂತು. ಇನ್ನೆರಡು ಹೆಜ್ಜೆಗೆ ತೊಟ್ಟಿ ಕಂಡಿತು.

ತೊಟ್ಟಿಗೆ ಸುಣ್ಣ ಬಳಿದಿದ್ದರು. ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟಿ. ಮೂಲೆ ಮೂಲೆಗೂ ಅರಿಷಿಣ, ಕುಂಕುಮ. ಮೇಲೆ ಒಂದು ಕುಪ್ಪಸದ ಖಣ, ಒಡೆದ ತೆಂಗಿನಕಾಯಿ, ಸೇವಂತಿಗೆ ಹೂ. ಕಡೆಯ ಖಾನೆಯ ಮುಚ್ಚಳ ತೆಗೆದಿತ್ತು. ಒಳಗೆ ನೀರು ಥಳಥಳ ಹೊಳೆಯುತ್ತಿತ್ತು. ಸುತ್ತಲೂ ಓಣಿಯ ಹೆಂಗಸರು ಸೆರಗು ಹೊದ್ದು ಕೂತಿದ್ದರು.

"ಬಂದಾನ ನೋಡ್ರೆವ್ವಾ, ಪುಣ್ಯಾತ್ಮ!" ಎಂದಳು ಆದಮ್ಮ. ಗಟ್ಟಿ ಗಂಟಲಿನ ಹೆಂಗಸು. ಅವಳು ಪಿಸುಗುಟ್ಟಿದರೂ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. "ಚಪ್ಪಲಿ ಬಿಟ್ಟು ಬಾರೋ ಕನಕರಾಯ. ಗಂಗವ್ವ ಕುಂತಾಳ."

"ಯಾವ... ಎಲ್ಲಿ ಕುಂತಾಳ?"

"ನೀ ಕಟ್ಟಿಸಿದ ತೊಟ್ಟ್ಯಾಗಽ ಕುಂತಾಳ! ನಳ ಬಂತು, ನಿಮ್ಮವ್ವ ನಮ್ಮನ್ನೆಲ್ಲ ಕರದ್ಲು. ಐದು ಮಂದಿ ಮುತ್ತೈದ್ಯಾರು ಕೂಡಿ ಪೂಜಿ ಮಾಡೇವಿ. ಹುಸೇನ್‌ಸಾಬ ಕಡೀಕ ಒಂದು ತೂತು ಬಿಟ್ಟು ಹೋಗಿದ್ದ, ಅಲ್ಲಿ ಅರಿಬಿ ತುರುಕಿ ಮುಚ್ಚೇವಿ. ಮುದುಕ ಅಂದ್ರ ಮರವು."

ಗಟಾರಕ್ಕೆ ಹೋಗಬೇಕಾದ ತೂತು ಅದು. ಕನಕರಾಯ ಪೈಪು ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದ.

ಅವನೂ ಅದೇ ಓಣಿಯಲ್ಲಿ ಬೆಳೆದವನು. ಸಣ್ಣವನಿದ್ದಾಗ ಒಮ್ಮೆ ಗಂಗೆ ಪೂಜೆ ಮಾಡಿದ ಕೊಡಕ್ಕೆ ಎಂಜಲು ಕೈ ಅದ್ದಿ, ಬೆನ್ನು ಬಾತುಹೋಗುವಂತೆ ಪೆಟ್ಟು ತಿಂದಿದ್ದ. ಎಂಜಲು ಕೈಗೇ ಅಷ್ಟು ಪೆಟ್ಟಾದರೆ ನಾಲ್ಕು ದಿನದ ಮುಸುರೆಗೆ ಎಷ್ಟು? ಕೊಡವಾದರೆ ಬೆಳಗಿ ಸರಿಮಾಡಿಕೊಳ್ಳಬಹುದು. ಗಂಗವ್ವ ಕೂತ ತೊಟ್ಟಿಗೆ ಮುಸುರೆ ಬಿಟ್ಟವನೆಂದು ಹೆಸರಾದರೆ ಓಣಿಯಲ್ಲಿ ಇರುವುದು ಹೇಗೆ? ಅವನ ಕೈಯ ಮಿರ್ಚಿ ಯಾರು ತಿನ್ನುತ್ತಾರೆ?

ಯಮನೂರಮ್ಮ ಚರಗಿ ತುಂಬ ನೀರು ತಂದು ಮಗನ ಕೈಗಿಟ್ಟಳು. ಅವಳ ಮುಖದಲ್ಲಿ ಅಂಥಾ ಕಳೆಯನ್ನು ಕನಕರಾಯ ಎಂದೂ ಕಂಡಿರಲಿಲ್ಲ. "ಕುಡಿಯಪ್ಪ. ಇಡೀ ಓಣಿ ನಿನ್ನ ಹೆಸರು ತಗೊಂಡು ನೀರು ಕುಡಿಯಾಕತ್ತೈತಿ. ಇನ್ನ ನಾ ಸತ್ತರೂ ಚಿಂತಿಲ್ಲ," ಎಂದಳು. ನಿಜ ಹೇಳಲು ತೆರೆದ ಬಾಯಿಗೆ ಕನಕರಾಯ ಆ ನೀರನ್ನೇ ಸುರುವಿಕೊಂಡ. ಏನೋ ಒಂಥರಾ ಅನ್ನಿಸಿತು. ದುಃಖಕ್ಕೆ ಬಾಯಿಯೂ ಕೆಡುತ್ತದೆಂದು ಸುಮ್ಮನಾದ.

"ಹುಸೇನ್‌ಸಾಬ್ ಬಂದಿದ್ನೇನು ಬೇ?"

"ಮಧ್ಯಾಹ್ನ ಬಂದು ಹೋಟೆಲಿನ ಕೀಲಿ ಇಸಗೊಂಡು ಹೋಗಿದ್ದ. ಮತ್ತ ಯಾವಾಗ ಬಂದಾನೋ, ಕೀಲಿ ಗೂಟಕ್ಕ ಹಾಕಿ ಹೋಗ್ಯಾನ. ನಾವು ಹಾಡು ಹೇಳಾಕತ್ತಿದ್ವಿ, ಮಾತಾಡಾಕ ಆಗಲಿಲ್ಲ."

ಪೈಪಿಲ್ಲದ್ದು ನೋಡಿ ವಾಪಸು ಹೋಗಿದ್ದಾನೆ ಎಂದುಕೊಂಡ ಕನಕರಾಯ. ಮತ್ತೆ ಫೋನು ಮಾಡಿದ. ಸ್ವಿಚ್ಚಾಫ್.

ತಲೆ ಓಡಿಸಿ ಒಂದು ದಾರಿ ಹುಡುಕಿದ. ತೊಟ್ಟಿ ಖಾಲಿ ಮಾಡಿಸಿದರೆ ಸಾಕು, ಗಂಗವ್ವ ತಾನಾಗಿಯೇ ಎದ್ದು ಹೋದಂತಾಗುತ್ತದೆ.

"ಆದಮ್ಮತ್ತಿ, ಹೊಸಾ ಸಿಮೆಂಟು ಅದು. ಅದರ ನೀರು ಕುಡಿಬಾರದು. ಹೊಟ್ಟಿ ಕೆಡತೈತಿ. ಎಲ್ಲಾ ಚೆಲ್ಲಿಬಿಡ್ರಿ."

"ನಾ ಆಗಲೇ ಎರಡು ಚರಗಿ ಕುಡದೀನಿ. ನನಗೇನಾಗೇತಿ? ನೋಡು!" ಆದಮ್ಮ ಎದ್ದು ನಿಂತು ಒಂದು ಸುತ್ತು ತಿರುಗಿಯೇ ತೋರಿಸಿದಳು. "ಚೆಲ್ಲು ಅಂತಾನ! ನಾಳೆ ಬೀಗರು ಬಂದ್ರ ಅವರ ಕಾಲಿಗೆ ಏನು ಹಾಕಲಿ, ನಿನ್ನ ಮಿರ್ಚಿ ಎಣ್ಣಿ ಹಾಕಲೇನು? ಮತ್ತ ಇದು ಬರೇ ನೀರಲ್ಲೋ. ನಳ ನಿಂತು ತಾಸಾದ ಮ್ಯಾಲೂ ನೀರು ಏರೇತಿ!"

"ಏರೇತಿ?"

"ಹೂಂನಪ್ಪ. ಎಷ್ಟು ಕೊಡ ತುಂಬಿದ್ರೂ ಕಮ್ಮಿ ಆಗಲಿಲ್ಲ, ಇನ್ನೂ ಏರ್ತು. ಎಲ್ಲಾರೂ ಕಣ್ಣಾರೆ ನೋಡೇವಿ. ನೀರಿಗೆ ಎಂಥಾ ಘಮಾ! ಗಂಗವ್ವ ಒಲಿದಾಳ."

ಹೆಂಗಸರೆಲ್ಲ ಕೈಮುಗಿದರು. ಕನಕರಾಯನೂ ಮುಗಿದ. ಬೇರೇನು ಮಾಡುತ್ತಾನೆ? ಇವತ್ತೇ ಒಲಿಯಬೇಕಿತ್ತೇ ಯವ್ವಾ, ನಾಳೆ ಒಲಿದಿದ್ದರೆ ಆಗುತ್ತಿರಲಿಲ್ಲವೇ ಎಂದು ಮನಸ್ಸಿನಲ್ಲೇ ಕೇಳಿಕೊಂಡ.

ಎರಡನೆಯ ದಾರಿ ಹೊಳೆಯಿತು. ಮುಸುರೆ ತುಂಬಿದ ನೀಲಿ ಡ್ರಮ್ಮು ಇದೆಯಲ್ಲ! ಅದಕ್ಕೇ ತೂತು ಕೊರೆದು, ಪೈಪು ಸಿಕ್ಕಿಸಿ, ಮೋರಿಯ ಕೆಳಗಿಟ್ಟರೆ ಮೇಡಂಗೆ ತೋರಿಸಲು ಏನೋ ಒಂದಾಯಿತು. ಎದ್ದು ಹಿಂಬಾಗಿಲಿಗೆ ಓಡಿದ. ಡ್ರಮ್ಮು ಬಾಗಿಲ ಹೊರಗೇ ಇತ್ತು. ಅದರ ಹೊಟ್ಟೆಗೂ ಕುಂಕುಮ ಹಚ್ಚಿತ್ತು. ಒಳಗೆ ಅಂಚಿನವರೆಗೆ ನೀರು.

"ಖಾಲಿ ಬಿದ್ದಿತ್ತು, ನಾನಽ ತಿಕ್ಕಿ ತೊಳದು ತುಂಬಿಸೇನಿ," ಎಂದು ಆದಮ್ಮ ಅಲ್ಲಿಂದಲೇ ಕೂಗಿದಳು. "ತೊಟ್ಟ್ಯಾಗ ನೀರು ಏರಾಕತ್ತಿದ್ರ ತೆಗೀದಂಗ ಬಿಡಬಾರದು, ಗಂಗವ್ವಗ ಸಿಟ್ಟು ಬರ್ತೈತಿ."

ಮುಸುರೆಯನ್ನು ಯಾರು ಖಾಲಿ ಮಾಡಿದರೆಂದು ಕೇಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಅವ್ವ ಎಲ್ಲೋ ಚೆಲ್ಲಿರಬೇಕೆಂದು ಮಾಳಿಂಗರಾಯನ ಹಟ್ಟಿಗೆ ಓಡಿದ.

"ಕಾಕಾ, ನಿನ್ನ ಎಮ್ಮಿ ನೀರು ಕುಡಿಯೋ ಪಿಲಾಸ್ಟಿಕ್ ಬಾನಿ ಒಂದು ತಾಸು ಕೊಡು. ಕೈ ಮುಗಿತೀನಿ."

ಮಾಳಿಂಗರಾಯ ಬೀಡಿ ಸೇದುತ್ತ ಎಮ್ಮೆಯ ಮುಂದೆ ಕೂತಿದ್ದ. ಯಾರೇ ಕಷ್ಟ ಎಂದು ಬಂದರೂ ಸಲಹೆ ಕೊಡುವುದು ಬಿಟ್ಟು ಬೇರೇನೂ ಕೊಟ್ಟು ಗೊತ್ತಿಲ್ಲದ ಮನುಷ್ಯ. "ಬಾನಿ ತುಂಬೈತಲ್ಲೋ. ನಿನ್ನ ತೊಟ್ಟೀದಽ ತಂದು ಸುರುವೀನಿ. ಆದ್ರ ಈ ಎಮ್ಮಿ ನೋಡು, ಬೆಳಿಗ್ಗೆಯಿಂದ ನೀರಡಿಸೇತಿ, ಮೂಸಿ ಮೂಸಿ ಮುಖ ತಿರುಗಸಾಕತ್ತೈತಿ. ಪೂಜಿ ಮಾಡಿದ ನೀರು ಅಂತ ಅದಕ್ಕೂ ತಿಳಿದೈತಿ. ಮೂಕ ಪ್ರಾಣಿಗೆ ಇರೋ ಭಯ ಭಕ್ತಿ ಮನುಷ್ಯಾರಿಗೆ ಇಲ್ಲ ಬಿಡು."

ಕನಕರಾಯ ಎಮ್ಮೆಯನ್ನು ನೋಡಿದ. ಎಮ್ಮೆ ಕನಕರಾಯನನ್ನು ನೋಡಿತು. ಓಣಿಯಲ್ಲಿ ನಿಜ ಗೊತ್ತಿದ್ದ ಜೀವ ಅದೊಂದೇ ಆಗಿತ್ತು, ಪಾಪ ಅದಕ್ಕೆ ಬಾಯಿಲ್ಲ.

ಉಳಿದದ್ದು ಮಮತಾ ಮೇಡಂನ ಕೈಕಾಲು ಹಿಡಿಯುವುದು. ಫೋನು ಹಚ್ಚಿದ. "ಮೇಡಂ, ಒಂದು ದಿವಸ ಗಡುವು ಕೊಡ್ರಿ. ಬರೇ ಒಂದು ದಿವಸ."

"ಗಡುವು ಯಾಕ ಬೇಕ್ರೀ ಕನಕರಾಯ? ತೊಟ್ಟಿ ಕಟ್ಟಿಸೀನಿ ಅಂತ ಮೊನ್ನೆ ನೀವಽ ಹೇಳಿದ್ರಿ. ನಾ ನಿಮ್ಮ ಓಣಿ ಹತ್ರನಽ ಬಂದೀನಿ. ನೋಡಿ, ಸಹಿ ಮಾಡಿ ಹೋಗ್ತೀನಿ, ಚಿಂತಿ ಮಾಡಬ್ಯಾಡ್ರಿ."

ಓಣಿಯ ತಿರುವಿನಲ್ಲಿ ಸ್ಕೂಟಿಯ ಹಾರ್ನು ಕೇಳಿಸಿತು.

ಮೇಡಂ ಇಳಿದು, ಹೆಲ್ಮೆಟ್ಟು ತೆಗೆದು ತೊಟ್ಟಿಯ ಕಡೆ ನೋಡಿದರು. ಮುಖ ಅರಳಿತು. ಹಿಂದೆ ಬಂದ ಕಚೇರಿಯ ಜವಾನನಿಗೂ ತೋರಿಸಿದರು. "ಭಾಳ ಚಲೋ ಕಟ್ಟಿಸೀರಲ್ರೀ! ಸುಣ್ಣಾ ಬಣ್ಣಾ ಎಲ್ಲಾ ಹಚ್ಚೀರಿ. ಮೂರು ಖಾನಿ, ನಾ ಕೊಟ್ಟ ಅಳತೀನಽ." ಬಗ್ಗಿ ಪಟ್ಟಿ ಹಿಡಿದು ಅಳತೆಯನ್ನೂ ನೋಡಿದರು. "ಸರಿ ಐತಿ. ಹೋಟೆಲಿನ ಮುಸುರಿ ನೀರೆಲ್ಲಾ ಇದಕ್ಕಽ ಬಿಡ್ತೀರಲ್ಲ?"

ಹೌದು ಎಂದರೆ ಮುಗಿಯಿತು. ಬರೀ ಒಂದು ಮಾತು. ಕನಕರಾಯ ಬಾಯಿ ತೆರೆದ.

"ಏನಂದ್ರೀ?" ಎಂದು ಆದಮ್ಮ ಎದ್ದು ನಿಂತಳು. "ಮುಸುರಿ? ಇದಕ್ಕ?"

ಹೆಂಗಸರೆಲ್ಲ ಒಮ್ಮೆಲೇ ಎದ್ದರು. ಯಮನೂರಮ್ಮ ಮಗನಿಗೂ ಮೇಡಂಗೂ ನಡುವೆ ಬಂದು ನಿಂತಳು. "ಯವ್ವಾ ತಂಗಿ, ಕಚೇರ್ಯಾಗ ಇರಾಕಿ ಅಂತ ಬಾಯಿಗೆ ಬಂದಂಗ ಅನಬ್ಯಾಡ. ಇದು ಗಂಗವ್ವ ಕುಂತ ತೊಟ್ಟಿ. ಇದಕ್ಕ ಮುಸುರಿ ಬಿಡೋ ಮಗನ್ನ ನಾ ಹಡದಿಲ್ಲ."

"ಅಮ್ಮಾ, ಬಿಟ್ರ ತಪ್ಪಲ್ಲ. ಬಿಡದಿದ್ರಽ ತಪ್ಪು," ಎಂದರು ಮೇಡಂ ನಗುತ್ತ.

"ಹಿಂಗಽ ನೋಡು ಅವರು," ಎಂದು ಮಾಳಿಂಗರಾಯ ಬೀಡಿ ಆರಿಸಿ ಮುಂದೆ ಬಂದ. "ನಕ್ಕೋತ ನಯವಾಗಿ ಕೇಳ್ತಾರ. ಹೂಂ ಅಂದ್ರ ಬೀಗ ಹಾಕ್ಕೊಂಡು ಹೋಗ್ತಾರ. ಯಮನೂರಮ್ಮ, ಹೂಂ ಅನಬ್ಯಾಡ."

"ಹೂಂ ಅನ್ನಾಕ ಆಕೀಗೇನು ಹುಚ್ಚೇ? ಏ ತಂಗಿ, ಒಂದು ಹನಿ ಮುಸುರಿ ಬಿದ್ದಿದ್ರ ಓಣಿ ಮಂದಿ ಎಲ್ಲಾ ಕುಡೀತಿದ್ವೇನು? ನೀನೂ ಕುಡದು ನೋಡು." ಆದಮ್ಮ ಕಡೆಯ ಖಾನೆಯಿಂದ ಒಂದು ಲೋಟ ನೀರು ಎತ್ತಿ ಮೇಡಂನ ಕೈಗೆ ಕೊಟ್ಟಳು. ಮೇಡಂ ಮರ್ಯಾದೆಗೆ ಒಂದು ಗುಟುಕು ಕುಡಿದರು. ಕುಡಿದು ಲೋಟದೊಳಗೆ ಇಣುಕಿದರು.

"ಏನೋ ಒಗ್ಗರಣಿ ವಾಸನಿ ಬಂದಂಗಾತು..."

"ಅರಿಷಿಣ ರೀ. ಪೂಜಿ ಮಾಡೇವಲ್ಲ," ಎಂದಳು ಆದಮ್ಮ.

ಮೇಡಂ ಲೋಟ ಕೆಳಗಿಟ್ಟು ಕನಕರಾಯನ ಕಡೆ ತಿರುಗಿದರು. ಈಗ ಅವರ ಮುಖದಲ್ಲಿ ನಗುವಿರಲಿಲ್ಲ. "ಇವರ ಮಾತು ಬಿಡ್ರಿ. ನೀವು ಹೇಳ್ರಿ ಕನಕರಾಯ. ಇದು ಮುಸುರಿ ತೊಟ್ಟಿನೋ, ಕುಡಿಯೋ ನೀರಿನ ತೊಟ್ಟಿನೋ? ನೀವು ಹೇಳಿದ್ದಽ ಬರಕೊಂತೀನಿ."

ಕನಕರಾಯ ಉತ್ತರ ಕೊಡುವ ಮೊದಲೇ ಯಮನೂರಮ್ಮ ಮಗನ ತಲೆಯ ಮೇಲೆ ಕೈಯಿಟ್ಟಳು. ಇನ್ನೊಂದು ಕೈಯನ್ನು ತೊಟ್ಟಿಯ ಮೇಲಿಟ್ಟಳು. "ನನ್ನ ಮಗನ ತಲಿ ಮುಟ್ಟಿ, ಗಂಗವ್ವನ್ನ ಮುಟ್ಟಿ ಹೇಳ್ತೀನಿ. ಇದಕ್ಕ ಮುಸುರಿ ಬಿಟ್ಟಿಲ್ಲ, ಬಿಡೂದೂ ಇಲ್ಲ. ನಾ ಹೇಳೋದು ಸುಳ್ಳಾದ್ರ ಗಂಗವ್ವ ನೋಡ್ಕೊಳ್ಳಲಿ."

ತಲೆಯ ಮೇಲೆ ಅವ್ವನ ಕೈ. ಕರಿದ ಎಣ್ಣೆ ಸಿಡಿದು ಸಿಡಿದು ಕಲೆಯಾದ ಕೈ. ಆ ಕೈ ಕಟ್ಟಿದ ಹೋಟೆಲು ಒಂದು ಕಡೆ, ಆ ಕೈ ಮಾಡಿದ ಆಣೆ ಇನ್ನೊಂದು ಕಡೆ. ಹೋಟೆಲು ಹೋದರೆ ಹೋಗಲಿ. ಇಡೀ ಓಣಿಯ ಎದುರು ಅವ್ವನ ಆಣೆಯನ್ನು ಸುಳ್ಳು ಮಾಡಲು ಕನಕರಾಯನ ಕೈಲಾಗಲಿಲ್ಲ.

"ಕುಡಿಯೋ ನೀರಿನ ತೊಟ್ಟಿರೀ ಮೇಡಂ," ಎಂದ.

ಮೇಡಂ ಬರೆದುಕೊಂಡರು. ಅವನಿಂದ ಸಹಿ ಮಾಡಿಸಿಕೊಂಡರು. ಜವಾನ ಮುಂದಿನ ಶಟರಿಗೆ ಬೀಗ ಜಡಿದು ಬಂದು, ಹಿಂಬಾಗಿಲಿಗೂ ಬೀಗ ಹಾಕಿ, ಬಟ್ಟೆ ಸುತ್ತಿ, ಮೇಣದಬತ್ತಿಯಲ್ಲಿ ಅರಗು ಕಾಯಿಸಿ ಸೀಲು ಒತ್ತಿದ. ಆಗ ಹೆಂಗಸರಿಗೆ ಗಾಬರಿಯಾಯಿತು. ಮುಸುರೆ ಬಿಟ್ಟಿಲ್ಲವೆಂದು ಆಣೆ ಮಾಡಿ ಹೇಳಿದರೂ ಬಾಗಿಲು ಯಾಕೆ ಮುಚ್ಚುತ್ತಾರೆಂದು ಯಮನೂರಮ್ಮ ಅಳುತ್ತ ಕೇಳಿದಳು. ಮೇಡಂಗೂ ಬೇಜಾರಾಗಿತ್ತು. ಮುಸುರೆಯ ಜಿಡ್ಡು ಹಿಡಿಯಲು ಬೇರೆಯೇ ಒಂದು ತೊಟ್ಟಿ ಇರಬೇಕೆಂದು, ಅದನ್ನು ಕಟ್ಟಿಸದೆ ಇದ್ದದ್ದೇ ತಪ್ಪೆಂದು ನಿಧಾನವಾಗಿ ತಿಳಿಸಿ ಹೇಳಿ, ಸ್ಕೂಟಿ ಹತ್ತಿ ಹೊರಟುಹೋದರು.

ಯಮನೂರಮ್ಮ ಮಗನ ಕಡೆ ತಿರುಗಿದಳು. ಕಣ್ಣೀರು ಅಲ್ಲಿಗೇ ನಿಂತಿತ್ತು.

"ಇಷ್ಟಽ ಏನೋ? ಮುಸುರಿಗೊಂದು ತೊಟ್ಟಿ, ಇಷ್ಟಽ ಕೇಳಿದ್ದು ಆಕಿ?"

"ಹೂಂ ಬೇ."

"ಅಷ್ಟು ತಿಳೀಲಿಲ್ಲೇನು ನಿನಗ? ಮೊದಲು ಅದನ್ನ ಕಟ್ಟಿಸಬೇಕಿತ್ತು! ನೀರಿಗೆ ಕೊಡ ಅದಾವು, ಬಕೀಟು ಅದಾವು. ಹೋಟೆಲು ಮುಚ್ಚೋ ಮಾತು ಇದ್ದಾಗ ಯಾರಾದ್ರೂ ನೀರಿನ ತೊಟ್ಟಿ ಕಟ್ಟಿಸ್ತಾರೇನು? ನನಗ ಒಂದು ಮಾತು ಕೇಳಿದ್ರ ನಾನಽ ಹೇಳ್ತಿದ್ದೆ."

"ಅಲ್ಲ ಮತ್ತ!" ಎಂದ ಮಾಳಿಂಗರಾಯ. "ನನ್ನನ್ನೂ ಕೇಳಲಿಲ್ಲ ಇವ."

"ನಾಳೆ ನಮ್ಮ ಬೀಗರಿಗೆ ಮಿರ್ಚಿ ಯಾರು ಕೊಡ್ತಾರ?" ಎಂದು ಆದಮ್ಮ ಶುರುಮಾಡಿದಳು. ಕನಕರಾಯ ಸಿಂಧನೂರಿನಿಂದ ತಂದ ಪೈಪನ್ನು ಮಡಿಲಲ್ಲಿಟ್ಟುಕೊಂಡು ತೊಟ್ಟಿಯ ಪಕ್ಕದಲ್ಲೇ ನೆಲದ ಮೇಲೆ ಕೂತ. ಹೋಟೆಲು ಹೋಯಿತು. ಆದರೂ ಒಂದು ಸಮಾಧಾನವಿತ್ತು. ಅವ್ವನ ಆಣೆ ಉಳಿಯಿತು, ಗಂಗವ್ವ ಉಳಿದಳು. ಆ ಸಮಾಧಾನವನ್ನೇ ಹಿಡಿದುಕೊಂಡು ಅಳಬೇಕೆನ್ನುವಷ್ಟರಲ್ಲಿ ಓಣಿಯ ತಿರುವಿನಿಂದ ಯಾರೋ ಕೂಗಿದರು.

"ಕನಕಣ್ಣಾ! ಮೇಡಂ ಬಂದಿದ್ರೇನು? ಏನಂದ್ರು?"

ಹುಸೇನ್‌ಸಾಬ್. ತಲೆಗೆ ಟವಲು ಸುತ್ತಿಕೊಂಡು, ಮೈಯೆಲ್ಲ ಸಿಮೆಂಟು ಮಾಡಿಕೊಂಡು ಸೈಕಲ್ಲು ನೂಕುತ್ತ ಬರುತ್ತಿದ್ದ. ಮುಖದಲ್ಲಿ ಗೆದ್ದುಬಂದವನ ನಗು. ಮುದುಕನಿಗೆ ಕಿವಿ ಸ್ವಲ್ಪ ಮಂದ, ಅದಕ್ಕೇ ದನಿ ದೊಡ್ಡದು.

"ಫೋನು ಸತ್ತಿತ್ತು, ತಿಳಸಾಕ ಆಗಲಿಲ್ಲ. ನಿನಗ ಸುಮ್ಮನ ಸಿಂಧನೂರಿಗೆ ಓಡಾಡಿಸಿದೆ ನೋಡು. ಪೈಪು ಲಿಂಗಸುಗೂರಾಗಽ ಸಿಕ್ತು! ಮಧ್ಯಾಹ್ನ ತಂದು, ಅಡಗಿಮನಿ ಒಳಗಿಂದ ಹಚ್ಚಿ ಹೋಗೀನಿ. ಹೊಸಾ ತೊಟ್ಟಿಗೆ ಪೂಜಿ ನಡದಿತ್ತು, ನಿಮ್ಮವ್ವನ್ನ ಮಾತಾಡಸಲಿಲ್ಲ."

ಕನಕರಾಯ ಗಾಬರಿಯಿಂದ ಎದ್ದು, ಬೇಡ ಬೇಡ ಎಂದು ಎರಡೂ ಕೈ ಆಡಿಸಿದ.

"ಏನು? ಸೋರ್ತೈತಿ ಅಂತೀಯಾ? ಇಲ್ಲೋ ಮಾರಾಯ! ಸುಮ್ಮನ ಹಚ್ಚಿ ಹೋಗೋ ಮೇಸ್ತ್ರಿ ಅಲ್ಲ ನಾ. ಡ್ರಮ್ಮಿನ್ಯಾಗ ನಾಲ್ಕು ದಿವಸದ ಮುಸುರಿ ಇತ್ತಲ್ಲ, ಅದನ್ನೆಲ್ಲಾ ಸುರುವಿ ನೋಡೇನಿ. ಗಳಗಳ ಅಂತ ತೊಟ್ಟಿಗೇ ಇಳೀತು. ಒಂದು ಹನಿ ಹೊರಗ ಬಿದ್ದಿಲ್ಲ!"

ಆದಮ್ಮ ಕೈಯಲ್ಲಿದ್ದ ಚರಗಿಯನ್ನು ಮೆಲ್ಲಗೆ ಮೂಗಿನ ಹತ್ತಿರ ತಂದಳು. ಯಮನೂರಮ್ಮ ಮಗನ ತಲೆ ಮುಟ್ಟಿದ್ದ ಕೈಯನ್ನು ತಿರುಗಿಸಿ ನೋಡಿಕೊಂಡಳು. ಮಾಳಿಂಗರಾಯ ಬಾಯಿಗೆ ಟವಲು ಒತ್ತಿಕೊಂಡು ಹಟ್ಟಿಯ ಕಡೆ ಓಡಿದ.

ಮೇಡಂ ಅವರನ್ನು ವಾಪಸು ಕರೆಯಲೇ ಎಂದು ಕನಕರಾಯ ಒಂದು ಗಳಿಗೆ ಯೋಚಿಸಿದ. ತೊಟ್ಟಿಯಲ್ಲಿ ಈಗ ಮುಸುರೆ ಇದೆ, ಮಧ್ಯಾಹ್ನದಿಂದಲೇ ಇದೆ, ಮೇಡಂ ತಾವೇ ಒಂದು ಗುಟುಕು ಕುಡಿದೂ ಹೋಗಿದ್ದಾರೆ. ಆದರೆ ಇದು ಕುಡಿಯುವ ನೀರಿನ ತೊಟ್ಟಿ ಎಂದು ಸಹಿ ಹಾಕಿಕೊಟ್ಟವನು ಅವನೇ. ಕುಡಿಯುವ ನೀರಿನ ತೊಟ್ಟಿಗೆ ಮುಸುರೆ ಬಿಟ್ಟದ್ದಕ್ಕೆ ಇನ್ಯಾವ ನೋಟೀಸು ಬರುತ್ತದೋ!

"ಕನಕರಾಯ..." ಎಂದಳು ಆದಮ್ಮ. ಅವಳ ದನಿ ಅಷ್ಟು ಸಣ್ಣದಾಗಿ ಎಂದೂ ಕೇಳಿಸಿರಲಿಲ್ಲ. ಹೆಂಗಸರು ಒಬ್ಬೊಬ್ಬರೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಡಗಳನ್ನು ಎತ್ತಿಕೊಂಡರು. ಎಲ್ಲರ ಮುಂದೆ ಯಮನೂರಮ್ಮ ಇದ್ದಳು.

ಒಳಗೆ ಸೇರಿಕೊಂಡು ಅಗುಳಿ ಹಾಕಿಕೊಳ್ಳೋಣವೆಂದು ಕನಕರಾಯ ಹೋಟೆಲಿನ ಹಿಂಬಾಗಿಲಿಗೆ ಓಡಿದ. ಬೀಗದ ಮೇಲೆ ಅರಗು ಇನ್ನೂ ಹಸಿಯಾಗಿತ್ತು.